ಕಿವಿಯ ಕೆಳಗಿನ ಗಂಟು ಮತ್ತು ಮೇಣದ ಬ್ಲಾಕು

ಗಂಡಸರಿಗೆ ಇದು ಹೆಚ್ಚಾಗಿ ಗಡ್ಡ ಹೆರೆಯುವಾಗ ಬೆರಳಿಗೆ ಸಿಗುತ್ತದೆ. ಹೆಂಗಸರಿಗೆ ಓಲೆಯ ತಿರುಪು ಬಿಗಿಯುವಾಗ. ಕಿವಿಯ ಹಾಲೆಯ ಕೆಳಗೆ, ದವಡೆ ತಿರುಗುವ ಮೂಲೆಯಲ್ಲಿ, ಅಡಿಕೆ ಗಾತ್ರದ ಒಂದು ಗಂಟು. ನೋವಿಲ್ಲ, ಜ್ವರವಿಲ್ಲ. ಒಬ್ಬರು ಮಂಗನಬಾವು ಎನ್ನುತ್ತಾರೆ, ಇನ್ನೊಬ್ಬರು ಹಲ್ಲಿನ ಕೀವು ಎನ್ನುತ್ತಾರೆ, ಮನೆಯ ಹಿರಿಯರು ಒಂದು ಲೇಪ ಹೇಳುತ್ತಾರೆ. ನೋಯುವುದಿಲ್ಲವಲ್ಲ ಎಂದು ವರ್ಷ ಉರುಳಿಹೋಗುತ್ತದೆ.

ಮೊದಲು ಸಮಾಧಾನದ ಮಾತು ಹೇಳಿಬಿಡುತ್ತೇನೆ. ಆ ಜಾಗದ ಗೆಡ್ಡೆಗಳಲ್ಲಿ ನೂರಕ್ಕೆ 75ರಿಂದ 80 ಕ್ಯಾನ್ಸರ್ ಅಲ್ಲ. ಉಳಿದವುಗಳ ಬಗ್ಗೆ ಈ ಲೇಖನ. ಅಂದರೆ ಲಾಲಾಗ್ರಂಥಿಯ, ನಮ್ಮ ಮಾತಿನಲ್ಲಿ ಜೊಲ್ಲುಗ್ರಂಥಿಯ, ಕ್ಯಾನ್ಸರ್ ಬಗ್ಗೆ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುವ ಅಪರೂಪದ ಕಾಯಿಲೆ ಇದು. ಗುಟ್ಕಾ, ಎಲೆಅಡಿಕೆ, ಹೊಗೆಸೊಪ್ಪಿನಿಂದ ಬರುವ ಬಾಯಿ ಕ್ಯಾನ್ಸರ್ ಬೇರೆ, ಇದು ಬೇರೆ. ಯಾವ ಚಟವೂ ಇಲ್ಲದವರಿಗೂ ಬರುತ್ತದೆ. ಹಿಂದೆ ತಲೆ ಅಥವಾ ಕುತ್ತಿಗೆಗೆ ವಿಕಿರಣ ತಾಗಿದವರಲ್ಲಿ ಸ್ವಲ್ಪ ಹೆಚ್ಚು. ಹಿರೋಶಿಮಾ, ನಾಗಾಸಾಕಿಯಲ್ಲಿ ಬದುಕುಳಿದವರಲ್ಲಿ ಅದು ಕಂಡುಬಂತು. ಆದರೆ ಬಹಳಷ್ಟು ರೋಗಿಗಳಲ್ಲಿ ಹೀಗೆ ಬೊಟ್ಟುಮಾಡಿ ತೋರಿಸುವಂಥ ಕಾರಣವೇ ಇರುವುದಿಲ್ಲ. ಹಾಗಾಗಿ ‘ನಾನೇನು ತಪ್ಪು ಮಾಡಿದೆ’ ಎಂದು ಕೊರಗುವುದು ಬೇಡ.

ಹುಣಸೆಹಣ್ಣು ಕಂಡರೆ ಬಾಯಲ್ಲಿ ನೀರೂರುತ್ತದಲ್ಲ, ಆ ನೀರು ಬರುವುದು ಮುಖ್ಯವಾಗಿ ಮೂರು ಜೊತೆ ಗ್ರಂಥಿಗಳಿಂದ. ಕಿವಿಯ ಮುಂದೆ ಮತ್ತು ಕೆಳಗೆ ಪೆರೋಟಿಡ್, ದವಡೆಯ ಅಡಿಯಲ್ಲಿ ಸಬ್‌ಮ್ಯಾಂಡಿಬ್ಯುಲರ್, ನಾಲಿಗೆಯ ಅಡಿಯಲ್ಲಿ ಸಬ್‌ಲಿಂಗ್ವಲ್. ಇವಲ್ಲದೆ ತುಟಿ, ಕೆನ್ನೆಯ ಒಳಭಾಗ, ಅಂಗುಳ, ಗಂಟಲಿನಲ್ಲಿ ಸಾಸಿವೆ ಚೆಲ್ಲಿದ ಹಾಗೆ ನೂರಾರು ಚಿಕ್ಕ ಗ್ರಂಥಿಗಳಿವೆ. ಎಲ್ಲ ಸೇರಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಸುರಿಸುತ್ತವೆ. ಇಲ್ಲೊಂದು ವಿಚಿತ್ರ ಲೆಕ್ಕವಿದೆ. ಗ್ರಂಥಿ ಚಿಕ್ಕದಾದಷ್ಟೂ ಅದರಲ್ಲಿ ಎದ್ದ ಗೆಡ್ಡೆ ಕ್ಯಾನ್ಸರ್ ಆಗಿರುವ ಸಾಧ್ಯತೆ ಹೆಚ್ಚು. ಪೆರೋಟಿಡ್‌ನಲ್ಲಿ ನಾಲ್ಕೈದರಲ್ಲಿ ಒಂದಾದರೆ, ದವಡೆಯ ಅಡಿಯ ಗ್ರಂಥಿಯಲ್ಲಿ ಹೆಚ್ಚುಕಡಿಮೆ ಅರ್ಧ, ನಾಲಿಗೆಯ ಅಡಿಯದರಲ್ಲಿ ಬಹುಪಾಲು. ಅಂಗುಳದ ಮೇಲೆ ಗಂಟೆದ್ದು ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಕೂರುತ್ತಿಲ್ಲ ಎಂದರೆ ಸೆಟ್ಟನ್ನು ಉಜ್ಜಿಸುವ ಮುಂಚೆ ಆ ಗಂಟನ್ನು ತೋರಿಸಿ.

ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ? ಮಂಗನಬಾವು ಜ್ವರದ ಜೊತೆ ಬಂದು ಒಂದೆರಡು ವಾರದಲ್ಲಿ ಇಳಿದುಹೋಗುತ್ತದೆ. ಗ್ರಂಥಿಯ ನಾಳದಲ್ಲಿ ಕಲ್ಲು ಕಟ್ಟಿಕೊಂಡಿದ್ದರೆ ಊಟದ ಹೊತ್ತಿಗೆ ಉಬ್ಬಿ ನೋಯುತ್ತದೆ, ಆಮೇಲೆ ಇಳಿಯುತ್ತದೆ. ಆದರೆ ಇಳಿಯದೆ ಕೂತ ಗಂಟು, ತಿಂಗಳು ತಿಂಗಳಿಗೆ ಬೆಳೆಯುವ ಗಂಟು, ಮುಖದ ಒಂದು ಬದಿ ಜೋಲುವುದು, ಕಣ್ಣು ಪೂರ್ತಿ ಮುಚ್ಚದಿರುವುದು, ಕೆನ್ನೆ ಅಥವಾ ನಾಲಿಗೆ ಜೋಮು ಹಿಡಿಯುವುದು ಇದ್ದರೆ ಕಾಯಬೇಡಿ. ಕಿವಿ-ಮೂಗು-ಗಂಟಲಿನ ವೈದ್ಯರ ಬಳಿಗೆ ಹೋಗಿ, ಅಥವಾ ತಲೆ-ಕುತ್ತಿಗೆಯ ಕ್ಯಾನ್ಸರ್ ಸರ್ಜನ್ ಬಳಿಗೆ.

ಅವರು ಮಾಡಿಸುವ ಮೊದಲ ಪರೀಕ್ಷೆ ಎಫ್‌ಎನ್‌ಎಸಿ. ತೆಳು ಸೂಜಿ ಚುಚ್ಚಿ ಒಂದಿಷ್ಟು ಕೋಶಗಳನ್ನು ಎಳೆದು ಗಾಜಿನ ಮೇಲೆ ಹರಡಿ ನೋಡುವುದು. ‘ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿ ಬೇರುಬಿಟ್ಟಿದೆ. ಈ ತೆಳು ಸೂಜಿಯ ವಿಷಯದಲ್ಲಿ ಆ ಭಯ ಬೇಡ. ಭಯಪಡಬೇಕಾದದ್ದು ಬೇರೆಯದಕ್ಕೆ. ‘ಸಣ್ಣ ಗಂಟು, ಇಲ್ಲೇ ಮರಗಟ್ಟಿಸಿ ತೆಗೆದುಬಿಡೋಣ’ ಎಂದು ಸರಿಯಾದ ಪರೀಕ್ಷೆಯಿಲ್ಲದೆ ಗಂಟನ್ನಷ್ಟೇ ಕೆದಕಿ ತೆಗೆಯುವುದಕ್ಕೆ. ಕ್ಯಾನ್ಸರ್ ಅಲ್ಲದ ಪ್ಲಿಯೋಮಾರ್ಫಿಕ್ ಅಡಿನೋಮಾ ಎಂಬ ಗೆಡ್ಡೆ ಕೂಡ ಹಾಗೆ ಕೆದಕಿದರೆ ಒಡೆದು ಚೆಲ್ಲಿ, ವರ್ಷಗಳಾದ ಮೇಲೆ ಹತ್ತು ಕಡೆ ಏಳುತ್ತದೆ. ಇದನ್ನು ಬಹುಕಾಲ ಬಿಟ್ಟರೆ ಕೆಲವರಲ್ಲಿ ಕ್ಯಾನ್ಸರ್‌ಗೂ ತಿರುಗುತ್ತದೆ. ಅದಕ್ಕೇ ನಿರಪಾಯ ಎಂದರೂ ಕ್ರಮವಾಗಿ ತೆಗೆಯಿರಿ ಎನ್ನುವುದು.

ಸೂಜಿಯ ನಂತರ ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್. ಆಮೇಲೆ ಆಪರೇಷನ್. ಪೆರೋಟಿಡ್‌ನ ಆಪರೇಷನ್ ನಾಜೂಕಿನದು, ಯಾಕೆಂದರೆ ಮುಖವನ್ನು ಆಡಿಸುವ ನರ ಆ ಗ್ರಂಥಿಯೊಳಗೇ ಹಾದು ಐದು ಕವಲಾಗಿ ಹರಡುತ್ತದೆ. ಸರ್ಜನ್ ಮೊದಲು ನರವನ್ನು ಹುಡುಕಿಕೊಂಡು, ಅದನ್ನು ಬಿಡಿಸಿಕೊಂಡು ಗೆಡ್ಡೆ ತೆಗೆಯುತ್ತಾರೆ. ಕ್ಯಾನ್ಸರ್ ನರವನ್ನೇ ಹಿಡಿದಿದ್ದರೆ ಮಾತ್ರ ಕತ್ತರಿಸಬೇಕಾಗುತ್ತದೆ. ನರ ಉಳಿದರೂ ಕೆಲವು ವಾರ, ಕೆಲವು ತಿಂಗಳು ತುಟಿ ಸೊಟ್ಟಗಾಗಿರಬಹುದು, ಬಹುಪಾಲು ಸರಿಹೋಗುತ್ತದೆ. ರೋಗದ ಉಗ್ರತೆ ನೋಡಿಕೊಂಡು ಆರರಿಂದ ಆರೂವರೆ ವಾರ ರೇಡಿಯೇಷನ್ ಕೊಡುತ್ತಾರೆ. ಕೆಲವರ ಬಾಯಲ್ಲಿ ಇದು ‘ಕರೆಂಟ್ ಕೊಡಿಸುವುದು’. ಶುರುಮಾಡುವ ಮೊದಲು ದಂತವೈದ್ಯರಿಗೆ ತೋರಿಸಿ ಹಾಳಾದ ಹಲ್ಲು ತೆಗೆಸಿಕೊಳ್ಳಿ. ಜೊಲ್ಲು ಕಡಿಮೆಯಾದ ಬಾಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ, ಮತ್ತು ರೇಡಿಯೇಷನ್ ಆದ ದವಡೆಯಲ್ಲಿ ಹಲ್ಲು ಕಿತ್ತ ಗಾಯ ಸುಲಭಕ್ಕೆ ಮಾಯುವುದಿಲ್ಲ.

ಇನ್ನು ಈ ಲೇಖನದ ತಿರುಳು. ತೆಗೆದ ಗೆಡ್ಡೆ ಪ್ರಯೋಗಾಲಯಕ್ಕೆ ಹೋಗುತ್ತದೆ. ಅದರ ಆಯ್ದ ತುಂಡುಗಳನ್ನು ಪ್ಯಾರಾಫಿನ್ ಮೇಣದಲ್ಲಿ ಅಚ್ಚು ಹಾಕುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಮೇಣದ ಬಿಲ್ಲೆ ಅದು. ಅದಕ್ಕೆ ‘ಬ್ಲಾಕ್’ ಎನ್ನುತ್ತಾರೆ. ಅದರಿಂದ ಕೂದಲಿಗಿಂತ ತೆಳುವಾದ ಪದರ ಕತ್ತರಿಸಿ, ಗಾಜಿನ ಮೇಲಿಟ್ಟು, ಬಣ್ಣ ಹಾಕಿ ನೋಡುತ್ತಾರೆ. ಆ ಗಾಜು ‘ಸ್ಲೈಡ್’. ಅದನ್ನು ನೋಡಿ ಪೆಥಾಲಜಿಸ್ಟ್ ಬರೆಯುವ ಹೆಸರು ಮುಂದಿನ ಎಲ್ಲಕ್ಕೂ ಬುನಾದಿ.

ಯಾಕೆ ಹೆಸರಿಗೆ ಇಷ್ಟು ಬೆಲೆ? ‘ಲಾಲಾಗ್ರಂಥಿಯ ಕ್ಯಾನ್ಸರ್’ ಒಂದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಗಳಿವೆ. ಒಂದು ಆಪರೇಷನ್ನಿಗೇ ಮುಗಿಯುವಂಥದ್ದು, ಇನ್ನೊಂದು ಎರಡು ವರ್ಷದಲ್ಲಿ ದೇಹವೆಲ್ಲ ಹಬ್ಬುವಂಥದ್ದು, ಮತ್ತೊಂದು ಹದಿನೈದು ವರ್ಷ ಸದ್ದಿಲ್ಲದೆ ಇದ್ದು ಮರಳುವಂಥದ್ದು. ಸೂಕ್ಷ್ಮದರ್ಶಕದಡಿ ಇವು ಒಂದನ್ನೊಂದು ಹೋಲುತ್ತವೆ, ಅನುಭವಿಗಳಿಗೂ ಗೊಂದಲವಾಗುತ್ತದೆ. ಅಲ್ಲಿ ನೆರವಿಗೆ ಬಂದದ್ದು ಜೀನ್ ಗುರುತುಗಳು, ಅಂದರೆ ಜೆನೆಟಿಕ್ ಮಾರ್ಕರ್‌ಗಳು.

ಈ ಗುರುತು ಹೇಗೆ ಹುಟ್ಟುತ್ತದೆ? ನಮ್ಮ ಬಹುತೇಕ ಪ್ರತಿ ಕೋಶದಲ್ಲಿ 46 ಕ್ರೋಮೋಸೋಮ್‌ಗಳಿವೆ, ಅವುಗಳಲ್ಲಿ ಜೀನ್‌ಗಳು ಸಾಲಾಗಿ ಕೂತಿವೆ. ಕೋಶ ಒಡೆದು ಎರಡಾಗುವಾಗ ಕೆಲವೊಮ್ಮೆ ಎರಡು ಕ್ರೋಮೋಸೋಮ್ ತುಂಡಾಗಿ, ತಪ್ಪು ತುದಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದಕ್ಕೆ ‘ಫ್ಯೂಷನ್’, ಬೆಸುಗೆ, ಎನ್ನುತ್ತಾರೆ. ತೋಟದ ಮೋಟಾರನ್ನು ಸ್ಟಾರ್ಟರ್ ಬಿಟ್ಟು ನೇರ ಲೈನಿಗೆ ಕೊಟ್ಟರೆ ಏನಾಗುತ್ತದೆ? ನಿಲ್ಲಿಸಲು ಗುಂಡಿಯೇ ಇಲ್ಲ. ನೀರು ಸಾಕಾದರೂ ಓಡುತ್ತಲೇ ಇರುತ್ತದೆ. ಬೆಳೆಯಲು ಹೇಳುವ ಜೀನ್ ತಪ್ಪು ಲೈನಿಗೆ ಬೆಸೆದುಕೊಂಡರೆ ಕೋಶಕ್ಕೂ ಅದೇ ಗತಿ.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ: ಜೀನ್ ಅಂದಮೇಲೆ ಮಕ್ಕಳಿಗೂ ಬರುತ್ತದೆಯೇ? ಇಲ್ಲ. ಈ ಬೆಸುಗೆ ಆಗಿರುವುದು ಆ ಗೆಡ್ಡೆಯ ಕೋಶದಲ್ಲಿ ಮಾತ್ರ. ಅಪ್ಪ-ಅಮ್ಮನಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಮಗಳ ಮದುವೆಯ ಮಾತುಕತೆಗೆ ಇದನ್ನು ಎಳೆದು ತರುವವರಿದ್ದರೆ ಅವರಿಗೂ ಇದನ್ನೇ ಹೇಳಿ.

ಇನ್ನು ನನ್ನ ಅಭಿಪ್ರಾಯದಲ್ಲಿ ರೋಗಿಯ ಮನೆಯವರು ತಿಳಿಯಲೇಬೇಕಾದ ಒಂದು ಸೂಕ್ಷ್ಮ. ಮಾರ್ಕರ್ ಸಿಕ್ಕಿತು ಎಂದರೆ ಔಷಧ ಸಿಕ್ಕಿತು ಎಂದಲ್ಲ. ಕೆಲವು ಮಾರ್ಕರ್ ಕಾಯಿಲೆಯ ಹೆಸರನ್ನಷ್ಟೇ ಖಚಿತಪಡಿಸುತ್ತವೆ. ಕೆಲವು ಮುಂದೇನಾಗಬಹುದು ಎಂಬ ಸುಳಿವು ಕೊಡುತ್ತವೆ. ಕೆಲವೇ ಕೆಲವು ಔಷಧದ ಬಾಗಿಲು ತೆರೆಯುತ್ತವೆ. ವೈದ್ಯರು ಪರೀಕ್ಷೆ ಬರೆದಾಗ ‘ಇದು ಈ ಮೂರರಲ್ಲಿ ಯಾವುದಕ್ಕೆ?’ ಎಂದು ಕೇಳಲು ಸಂಕೋಚ ಬೇಡ.

ಹೆಸರು ಹೇಳುವ ಮಾರ್ಕರ್‌ಗೆ ಉದಾಹರಣೆ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ. ಹೆಸರು ಉದ್ದ, ಸ್ವಭಾವ ಅದಕ್ಕಿಂತ ಉದ್ದ. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಗೋರಾನ್ ಸ್ಟೆನ್‌ಮನ್ ಮತ್ತು ಸಂಗಡಿಗರು 2009ರಲ್ಲಿ ಇದರಲ್ಲಿ ಆರನೇ ಕ್ರೋಮೋಸೋಮಿನ ಎಂವೈಬಿ ಜೀನ್, ಒಂಬತ್ತನೆಯದರ ಎನ್‌ಎಫ್‌ಐಬಿಗೆ ಬೆಸೆದುಕೊಂಡಿರುವುದನ್ನು ತೋರಿಸಿದರು. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಇದು ಸಿಗುತ್ತದೆ. ಆದರೆ ಈ ಬೆಸುಗೆಯನ್ನು ಹಿಡಿದು ನಿಲ್ಲಿಸುವ ಮಾತ್ರೆ ಇನ್ನೂ ಚಿಕಿತ್ಸೆಯ ಬಳಕೆಗೆ ಬಂದಿಲ್ಲ. ಇದೇ ಕಾಯಿಲೆಯ ಒಂದು ಚಿಕ್ಕ ಪಾಲಿನ ರೋಗಿಗಳಲ್ಲಿ ನಾಚ್1 ಎಂಬ ಜೀನ್ ಕೆಟ್ಟಿರುತ್ತದೆ. ಅವರಲ್ಲಿ ರೋಗ ಸಾಮಾನ್ಯವಾಗಿ ಹೆಚ್ಚು ಉಗ್ರ. ಅದು ಮುಂದಿನದರ ಸುಳಿವು ಕೊಡುವ ಮಾರ್ಕರ್.

ಈ ಕಾಯಿಲೆಯ ದೀರ್ಘಕಾಲದ ಲೆಕ್ಕ ನೋಡಿದರೆ ‘ಐದು ವರ್ಷ ದಾಟಿತು, ಗೆದ್ದೆವು’ ಎಂಬ ನಮ್ಮ ರೂಢಿಯ ಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ ಎಂದು ಗೊತ್ತಾಗುತ್ತದೆ. ಐದು ವರ್ಷಕ್ಕೆ ನೂರರಲ್ಲಿ ಮುಕ್ಕಾಲಿಗಿಂತ ಹೆಚ್ಚು ಮಂದಿ ಬದುಕಿರುತ್ತಾರೆ. ಹತ್ತು ವರ್ಷಕ್ಕೆ ಅದು 60ರ ಆಸುಪಾಸಿಗೆ ಇಳಿಯುತ್ತದೆ. ಹದಿನೈದಕ್ಕೆ ಅರ್ಧಕ್ಕಿಂತ ಕೆಳಗೆ. ಈ ಕ್ಯಾನ್ಸರ್ ನರಗಳ ಗುಂಟ ತೆವಳುತ್ತದೆ, ರಕ್ತದಲ್ಲಿ ಹೊರಟು ಶ್ವಾಸಕೋಶದಲ್ಲಿ ಕೂರುತ್ತದೆ. ಆಪರೇಷನ್ ಆಗಿ ಹತ್ತು ವರ್ಷವಾದ ಮೇಲೂ ಎದೆಯ ಸ್ಕ್ಯಾನಿನಲ್ಲಿ ಚುಕ್ಕೆ ಕಾಣಬಹುದು. ಇದನ್ನು ಓದಿ ಎದೆ ಒಡೆದುಕೊಳ್ಳಬೇಡಿ, ಇದರ ಇನ್ನೊಂದು ಮುಖವೂ ಇದೆ. ಆ ಚುಕ್ಕೆಗಳು ಎಷ್ಟೋ ಸಲ ಎಷ್ಟು ನಿಧಾನ ಬೆಳೆಯುತ್ತವೆ ಎಂದರೆ, ವೈದ್ಯರು ಔಷಧ ಕೊಡದೆ ಆರು ತಿಂಗಳಿಗೊಮ್ಮೆ ನೋಡುತ್ತಾ ವರ್ಷಗಟ್ಟಲೆ ಬಿಡುತ್ತಾರೆ. ರೋಗಿ ತೋಟದ ಕೆಲಸ ಮಾಡಿಕೊಂಡು, ಮೊಮ್ಮಕ್ಕಳನ್ನು ಆಡಿಸಿಕೊಂಡು ಇರುತ್ತಾರೆ. ‘ಚಿಕಿತ್ಸೆ ಕೊಡದೆ ಸುಮ್ಮನೆ ಕೂರಿಸಿದ್ದಾರೆ’ ಎಂದು ಮನೆಯವರು ಸಿಟ್ಟಾಗುವುದುಂಟು. ಅದು ಅಲಕ್ಷ್ಯವಲ್ಲ, ಲೆಕ್ಕಾಚಾರ.

ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮಾ ಹೆಚ್ಚು ಕಾಣುವ ಬಗೆ. ಇದರ ಕಥೆ ಚಿಕ್ಕದು. ಕೆಳದರ್ಜೆಯದಾದರೆ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ, ಅನೇಕರಿಗೆ ಆಪರೇಷನ್ನೇ ಸಾಕು. ಮೇಲ್ದರ್ಜೆಯದು ಬೇರೆಯದೇ ಪ್ರಾಣಿ. ಇದರ ಗುರುತು ಸಿಆರ್‌ಟಿಸಿ1–ಎಂಎಎಂಎಲ್2 ಎಂಬ ಬೆಸುಗೆ, 2003ರಲ್ಲಿ ವರದಿಯಾದದ್ದು. ಸಿಕ್ಕರೆ ಹೆಸರು ಖಚಿತ. ‘ದರ್ಜೆ’ ಅಂದರೆ ಗ್ರೇಡ್, ಕೋಶಗಳು ಎಷ್ಟು ಉಗ್ರವಾಗಿ ಕಾಣುತ್ತವೆ ಎಂಬುದು. ‘ಹಂತ’ ಅಂದರೆ ಸ್ಟೇಜ್, ರೋಗ ಎಷ್ಟು ದೂರ ಹೋಗಿದೆ ಎಂಬುದು. ಎರಡನ್ನೂ ಒಂದೇ ಎಂದುಕೊಳ್ಳಬೇಡಿ, ರಿಪೋರ್ಟಿನಲ್ಲಿ ಎರಡೂ ಇರಬೇಕು. ಜೀನ್ ಪರೀಕ್ಷೆ ಎಷ್ಟೇ ಬಂದರೂ ಮುಂದಿನ ದಿನಗಳನ್ನು ಹೆಚ್ಚಾಗಿ ನಿರ್ಧರಿಸುವುದು ಇವೇ: ಹಂತ, ದರ್ಜೆ, ಕತ್ತರಿಸಿದ ಅಂಚಿನಲ್ಲಿ ರೋಗ ಉಳಿದಿದೆಯೇ, ಕುತ್ತಿಗೆಯ ಗಂಟುಗಳಿಗೆ ಹೋಗಿದೆಯೇ, ನರ ಹಿಡಿದಿದೆಯೇ.

ಔಷಧದ ಬಾಗಿಲು ತೆರೆದ ಕಥೆ ಸೆಕ್ರೀಟರಿ ಕಾರ್ಸಿನೋಮಾದ್ದು. 2010ರವರೆಗೆ ಈ ಹೆಸರೇ ಈ ಗ್ರಂಥಿಯ ಪಟ್ಟಿಯಲ್ಲಿ ಇರಲಿಲ್ಲ. ಆ ವರ್ಷ ಜೆಕ್ ದೇಶದ ಪೆಥಾಲಜಿಸ್ಟ್ ಅಲೆನಾ ಸ್ಕಾಲೋವಾ ಮತ್ತು ಸಂಗಡಿಗರು ಇದನ್ನು ಬೇರೆ ಕಾಯಿಲೆ ಎಂದು ಗುರುತಿಸಿದರು. ಇದರಲ್ಲಿ ಇಟಿವಿ6–ಎನ್‌ಟಿಆರ್‌ಕೆ3 ಎಂಬ ಬೆಸುಗೆ ಇರುತ್ತದೆ. ಅಲ್ಲಿಯವರೆಗೆ ಇಂಥ ಗೆಡ್ಡೆಗಳಿಗೆ ಬಹುಪಾಲು ‘ಅಸಿನಿಕ್ ಸೆಲ್ ಕಾರ್ಸಿನೋಮಾ’ ಎಂದು ಹೆಸರಿಟ್ಟು ಕಳಿಸುತ್ತಿದ್ದರು. ಗೊತ್ತಾದದ್ದು ಹೇಗೆ? ಉಗ್ರಾಣದಲ್ಲಿದ್ದ ಹಳೆಯ ಬ್ಲಾಕುಗಳನ್ನು ತೆಗೆದು ಹೊಸ ಪರೀಕ್ಷೆ ಮಾಡಿ. ಆಗ ಇದರಿಂದ ರೋಗಿಗೆ ದೊಡ್ಡ ಲಾಭವಿರಲಿಲ್ಲ. 2018ರಲ್ಲಿ ಲ್ಯಾರೋಟ್ರೆಕ್ಟಿನಿಬ್ ಎಂಬ ಔಷಧದ ಫಲಿತಾಂಶ ಬಂತು. ಎನ್‌ಟಿಆರ್‌ಕೆ ಬೆಸುಗೆ ಇರುವ 17 ಬಗೆಯ ಕ್ಯಾನ್ಸರಿನ 55 ಮಂದಿಯಲ್ಲಿ ನೂರಕ್ಕೆ 75 ಪಾಲಿನವರ ಗೆಡ್ಡೆ ಕುಗ್ಗಿತು. ಆ 55ರಲ್ಲಿ 12 ಮಂದಿ ಲಾಲಾಗ್ರಂಥಿಯ ರೋಗಿಗಳು. ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಮರುವರ್ಷ ಎಂಟ್ರೆಕ್ಟಿನಿಬ್‌ಗೂ. ಹಾಗೆಂದು ಎಲ್ಲ ಸೆಕ್ರೀಟರಿ ರೋಗಿಗಳಿಗೂ ಇದು ಬೇಕಿಲ್ಲ. ಇದು ನಿಧಾನದ ಕ್ಯಾನ್ಸರ್, ಬಹುಪಾಲು ಆಪರೇಷನ್ನಿಗೇ ಮುಗಿಯುತ್ತದೆ. ಹಬ್ಬಿದವರಿಗೆ, ಕತ್ತರಿಸಲಾಗದವರಿಗೆ ಮಾತ್ರ ಈ ಮಾತ್ರೆ.

ಇನ್ನೊಂದು ಸ್ಯಾಲಿವರಿ ಡಕ್ಟ್ ಕಾರ್ಸಿನೋಮಾ. ಹೆಚ್ಚಾಗಿ ವಯಸ್ಸಾದ ಗಂಡಸರಲ್ಲಿ, ಉಗ್ರವಾಗಿ ಬರುತ್ತದೆ. ಇದರ ಕೋಶಗಳಲ್ಲಿ ಎರಡು ವಿಷಯ ನೋಡಬೇಕು. ಸುಮಾರು ಮೂರರಲ್ಲಿ ಒಬ್ಬರಿಗೆ ಹರ್2 ಎಂಬ ಪ್ರೋಟೀನ್ ವಿಪರೀತವಾಗಿರುತ್ತದೆ. ಸ್ತನ ಕ್ಯಾನ್ಸರಿನಲ್ಲಿ ಕೇಳಿರುತ್ತೀರಿ, ಅದೇ ಹರ್2. ಔಷಧವೂ ಅದೇ, ಟ್ರಾಸ್ಟುಜುಮ್ಯಾಬ್. ಇದರ ಅಗ್ಗದ ಸಮರೂಪವನ್ನು 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದದ್ದು ನಮ್ಮ ಬೆಂಗಳೂರಿನ ಬಯೋಕಾನ್. ಎರಡನೆಯದು ಆಂಡ್ರೋಜನ್ ರಿಸೆಪ್ಟರ್, ಅಂದರೆ ಗಂಡು ಹಾರ್ಮೋನಿಗೆ ಸ್ಪಂದಿಸುವ ಕೊಂಡಿ. ಇದು ಬಹುತೇಕ ರೋಗಿಗಳಲ್ಲಿ ಇರುತ್ತದೆ. ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರಿನ ಬೈಕಾಲುಟಮೈಡ್ ಮಾತ್ರೆ, ಲ್ಯೂಪ್ರೊಲೈಡ್ ಇಂಜೆಕ್ಷನ್ ಕೊಡುವುದುಂಟು. ರೋಗಿ ಹೆಂಗಸಾಗಿದ್ದರೂ ಕೊಡುತ್ತಾರೆ. ಮೆಡಿಕಲ್ ಶಾಪಿನವರು ಚೀಟಿ ನೋಡಿ ‘ಅಮ್ಮಾ, ಇದು ಗಂಡಸರ ಮಾತ್ರೆ’ ಎಂದರೆ ಗಾಬರಿಯಾಗಬೇಡಿ. ಡಾಕ್ಟರು ತಪ್ಪು ಬರೆದಿಲ್ಲ.

ಈಗ ಪರೀಕ್ಷೆ ಮತ್ತು ಖರ್ಚು. ಎಲ್ಲವೂ ಅದೇ ಮೇಣದ ಬ್ಲಾಕಿನಿಂದ ಆಗುತ್ತವೆ, ಮತ್ತೆ ಚುಚ್ಚುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಮೊದಲನೆಯದು ಐಎಚ್‌ಸಿ. ಪದರಕ್ಕೆ ವಿಶೇಷ ಬಣ್ಣ ಹಾಕಿ ಒಂದೊಂದು ಪ್ರೋಟೀನ್ ಹುಡುಕುವುದು. ಮೂರರಲ್ಲಿ ಅಗ್ಗ ಇದೇ, ಬೇಗ ಆಗುವುದೂ ಇದೇ. ಒಂದೊಂದು ಬಣ್ಣಕ್ಕೂ ಬೇರೆ ಶುಲ್ಕ. ಹರ್2, ಆಂಡ್ರೋಜನ್ ರಿಸೆಪ್ಟರ್ ಇದರಲ್ಲೇ ತಿಳಿಯುತ್ತವೆ. ಎನ್‌ಟಿಆರ್‌ಕೆಗೂ ಇದು ಒಳ್ಳೆಯ ಜರಡಿ. ಎರಡನೆಯದು ಫಿಶ್. ಹೊಳೆಯುವ ಬಣ್ಣದ ಚುಕ್ಕೆ ಅಂಟಿಸಿ ಒಂದು ನಿರ್ದಿಷ್ಟ ಜೀನ್ ಮುರಿದಿದೆಯೇ ನೋಡುವುದು. ಐಎಚ್‌ಸಿಗಿಂತ ದುಬಾರಿ. ಮೂರನೆಯದು ಎನ್‌ಜಿಎಸ್. ನೂರಾರು ಜೀನ್‌ಗಳನ್ನು ಒಟ್ಟಿಗೆ ಓದುವುದು. ಹತ್ತಾರು ಸಾವಿರ ರೂಪಾಯಿ, ಫಲಿತಾಂಶಕ್ಕೆ ಎರಡು ಮೂರು ವಾರ. ಬೆಸುಗೆ ಹುಡುಕುವುದಾದರೆ ಆ ಪರೀಕ್ಷೆ ಡಿಎನ್‌ಎ ಜೊತೆ ಆರ್‌ಎನ್‌ಎಯನ್ನೂ ಓದುತ್ತದೆಯೇ ಎಂದು ಕೇಳಿ. ಬರೀ ಡಿಎನ್‌ಎ ಓದುವ ಪರೀಕ್ಷೆಗೆ ಕೆಲವು ಬೆಸುಗೆಗಳು ಕಣ್ತಪ್ಪುತ್ತವೆ.

ಎಲ್ಲರಿಗೂ ಎನ್‌ಜಿಎಸ್ ಬೇಕೇ? ನನ್ನ ಪ್ರಕಾರ ಬೇಡ. ಕೆಳದರ್ಜೆಯ ರೋಗ, ಪೂರ್ತಿ ತೆಗೆದಾಗಿದೆ, ಹೆಸರಿನಲ್ಲಿ ಗೊಂದಲವಿಲ್ಲ ಎಂದಾದರೆ ಒಡವೆ ಅಡವಿಟ್ಟು ಮಾಡಿಸುವ ಪರೀಕ್ಷೆ ಇದಲ್ಲ. ಹೆಸರು ಅನುಮಾನವಿದ್ದಾಗ, ರೋಗ ಮರಳಿದಾಗ, ಹಬ್ಬಿದಾಗ ಇದಕ್ಕೆ ಬೆಲೆ. ಅದಕ್ಕೂ ಮೊದಲು ಖರ್ಚು ಮಾಡಬಹುದಾದದ್ದು ಸ್ಲೈಡ್ ರಿವ್ಯೂಗೆ. ಅಂದರೆ ಇದೇ ಗಾಜುಗಳನ್ನು ದೊಡ್ಡ ಕ್ಯಾನ್ಸರ್ ಕೇಂದ್ರದ ಪೆಥಾಲಜಿಸ್ಟ್ ಮತ್ತೊಮ್ಮೆ ನೋಡುವುದು. ಎನ್‌ಜಿಎಸ್‌ಗಿಂತ ತೀರಾ ಅಗ್ಗ, ಎಷ್ಟೋ ಸಲ ಹೆಸರೇ ಬದಲಾಗುತ್ತದೆ.

ಎಲ್ಲಿ ಮಾಡಿಸುವುದು? ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆ ರಾಜ್ಯ ಸರ್ಕಾರದ್ದು. ಮುಂಬೈಯ ಟಾಟಾ ಮೆಮೋರಿಯಲ್ ದೇಶಕ್ಕೇ ದೊಡ್ಡದು. ಇವೆರಡೂ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಎಂಬ ಆಸ್ಪತ್ರೆಗಳ ಜಾಲದಲ್ಲಿವೆ. ಮಣಿಪಾಲ, ಹುಬ್ಬಳ್ಳಿ, ಮಂಗಳೂರು, ಮೈಸೂರಿನಲ್ಲೂ ಕ್ಯಾನ್ಸರ್ ಚಿಕಿತ್ಸೆ ಇದೆ. ಎನ್‌ಜಿಎಸ್ ಮಾಡುವ ಖಾಸಗಿ ಪ್ರಯೋಗಾಲಯಗಳು ಬೆಂಗಳೂರಿನಲ್ಲೇ ಇವೆ, ಬ್ಲಾಕನ್ನು ಕೊರಿಯರ್‌ನಲ್ಲಿ ತರಿಸಿಕೊಳ್ಳುತ್ತವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡ 30ರಂತೆ ವರ್ಷಕ್ಕೆ 1.5 ಲಕ್ಷದವರೆಗೆ ನೆರವಿದೆ. ಆಪರೇಷನ್, ರೇಡಿಯೇಷನ್ ಅದರಲ್ಲಿ ಬರುತ್ತವೆ. ನಿಮ್ಮ ಜೀನ್ ಪರೀಕ್ಷೆ, ನಿಮ್ಮ ಔಷಧ ಬರುತ್ತವೆಯೇ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ದುಡ್ಡು ಕಟ್ಟುವ ಮೊದಲೇ ಕೇಳಿ. ಕಟ್ಟಿದ ಮೇಲೆ ವಾಪಸು ಬರುವುದು ಕಷ್ಟ.

ಚಿಕಿತ್ಸೆ ಮುಗಿದ ಮೇಲೆ ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಎರಡರಿಂದ ಆರು ತಿಂಗಳಿಗೊಮ್ಮೆ, ಐದು ವರ್ಷದವರೆಗೆ ನಾಲ್ಕರಿಂದ ಎಂಟು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತೋರಿಸಬೇಕು. ಕುತ್ತಿಗೆಗೆ ರೇಡಿಯೇಷನ್ ಆಗಿದ್ದರೆ ಥೈರಾಯ್ಡ್ ರಕ್ತಪರೀಕ್ಷೆಯೂ ಬೇಕು. ಅಡಿನಾಯ್ಡ್ ಸಿಸ್ಟಿಕ್ ಆದರೆ ಎದೆಯ ಸ್ಕ್ಯಾನ್ ಸಮೇತ ಜೀವನಪೂರ್ತಿ. ಊಟ ಮಾಡುವಾಗ, ಅದರಲ್ಲೂ ಉಪ್ಪಿನಕಾಯಿ ನೆಕ್ಕಿದಾಗ, ಆಪರೇಷನ್ ಆದ ಕೆನ್ನೆ ಬೆವರಿದರೆ ಅದು ರೋಗ ಮರಳಿದ್ದಲ್ಲ. ಜೊಲ್ಲಿಗೆ ಹೋಗಬೇಕಿದ್ದ ಸಣ್ಣ ನರಗಳು ದಾರಿತಪ್ಪಿ ಬೆವರಿನ ಗ್ರಂಥಿಗೆ ಸೇರಿಕೊಂಡಿವೆ. ಫ್ರೇ ಸಿಂಡ್ರೋಮ್ ಎಂದು ಅದರ ಹೆಸರು, ತೊಂದರೆಯಾದರೆ ಅದಕ್ಕೂ ಚಿಕಿತ್ಸೆ ಇದೆ.

ಕೊನೆಗೆ ಆ ಬ್ಲಾಕು. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಆರು ವರ್ಷದ ನಂತರ ರೋಗ ಮರಳಿದಾಗ ಅದು ಬೇಕಾಯಿತು. ಆಪರೇಷನ್ ಮಾಡಿದ ನರ್ಸಿಂಗ್ ಹೋಮ್ ಮುಚ್ಚಿತ್ತು, ಅದು ಯಾವ ಲ್ಯಾಬಿಗೆ ಕಳಿಸಿತ್ತೆಂದು ಹೇಳುವವರಿರಲಿಲ್ಲ. ಹೊಸದಾಗಿ ಶ್ವಾಸಕೋಶಕ್ಕೆ ಸೂಜಿ ಹಾಕಿಸಬೇಕಾಯಿತು. ಪ್ರಯೋಗಾಲಯಗಳು ಬ್ಲಾಕನ್ನು ಕೆಲವು ವರ್ಷ ಇಟ್ಟು ಆಮೇಲೆ ವಿಲೇವಾರಿ ಮಾಡುತ್ತವೆ. ಆದ್ದರಿಂದ ಡಿಸ್ಚಾರ್ಜ್ ಆದ ಕೆಲವು ವಾರದಲ್ಲೇ ಒಂದು ಅರ್ಜಿ ಬರೆದು, ರೋಗ ಇರುವ ಕನಿಷ್ಠ ಒಂದು ಬ್ಲಾಕ್ ಮತ್ತು ಸ್ಲೈಡುಗಳನ್ನು ಕೇಳಿ ಪಡೆಯಿರಿ. ಈಗ ಕೊಡುವುದಿಲ್ಲ ಎಂದರೆ ಎಷ್ಟು ವರ್ಷ ಇಡುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ಬ್ಲಾಕಿನ ಅಂಚಿನಲ್ಲಿ ಬರೆದ ನಂಬರು ರಿಪೋರ್ಟಿನ ನಂಬರಿಗೆ ಹೊಂದುತ್ತದೆಯೇ ಎಂದು ಕೌಂಟರಿನಲ್ಲೇ ನೋಡಿ. ಬೇರೆ ಆಸ್ಪತ್ರೆಗೆ ಕೊಟ್ಟಾಗ ರಸೀದಿ ತೆಗೆದುಕೊಂಡು, ಪರೀಕ್ಷೆ ಮುಗಿದ ಮೇಲೆ ಮರಳಿ ಕೇಳಿ. ಮನೆಯಲ್ಲಿ ಫ್ರಿಜ್ ಬೇಕಿಲ್ಲ, ತಂಪಾದ ಕಪಾಟು ಸಾಕು. ಒಲೆಯ ಮೇಲಿನ ಅಟ್ಟ ಬೇಡ. ಈ ಮೇಣ 60 ಡಿಗ್ರಿಯ ಹತ್ತಿರ ಕರಗುತ್ತದೆ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಮೇ ತಿಂಗಳ ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಅದನ್ನು ಬಿಟ್ಟು ಊಟಕ್ಕೆ ಹೋಗಬೇಡಿ.